ಬ್ಯಾಟರಿಯಿಲ್ಲದ ಹಳೆಯ ಸ್ನೋಮೊಬೈಲಿಗೆ ಹೊಸ ಹೀಟೆಡ್ ಗ್ರಿಪ್: ವೈರಿಂಗ್ ಹೇಗೆ?

ಪ್ರಶ್ನೆ: ನನ್ನ ಬಳಿ 1990ರ ದಶಕದ ಆರಂಭದ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ವಾಹನ) ಇದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಯಂತ್ರ, ಬ್ಯಾಟರಿ ಇಲ್ಲ. ಕೈಪಿಡಿಯಲ್ಲಿ ವಿದ್ಯುತ್ ಉತ್ಪಾದನೆ 200 ವ್ಯಾಟ್ ಎಂದಿದೆ. ಬಿಸಿಯಾಗಬೇಕಾದ ಎಡಗೈಯ ಗ್ರಿಪ್ (ಹ್ಯಾಂಡಲ್‌ಬಾರಿನ ಹಿಡಿಕೆ) ಪೂರ್ತಿ ತಣ್ಣಗಿರುತ್ತದೆ, ಬಲಗೈಯದು ಉಗುರುಬೆಚ್ಚಗಾಗಿ ಅಲ್ಲಿಗೇ ನಿಲ್ಲುತ್ತದೆ. ಮೋಟಾರ್‌ಸೈಕಲಿಗೆಂದು ಮಾರುವ, ಐದು ಹಂತಗಳ ಎಲೆಕ್ಟ್ರಾನಿಕ್ ಕಂಟ್ರೋಲರ್ ಇರುವ ಹೀಟೆಡ್ ಗ್ರಿಪ್ ಸೆಟ್ಟೊಂದನ್ನು ನೋಡಿಟ್ಟಿದ್ದೇನೆ. ಸ್ನೋಮೊಬೈಲಿಗೇ ಮಾಡಿದ ಮೂರು ವೈರಿನ ಸಾದಾ ಸೆಟ್ ಕೂಡ ಸಿಗುತ್ತದೆ. ಯಾವುದನ್ನು ಕೊಳ್ಳಲಿ? ಹಳೆಯ ವೈರಿಂಗಿಗೆ ಹೇಗೆ ಸೇರಿಸಲಿ? ಬ್ಯಾಟರಿ ಇಲ್ಲದೆ ಇದು ಸರಿಯಾಗಿ ನಡೆಯುತ್ತದೆಯೇ?

ಉತ್ತರ: ಸ್ನೋಮೊಬೈಲಿಗೆ ಮಾಡಿದ ಮೂರು ವೈರಿನ ಸೆಟ್ಟನ್ನೇ ಕೊಳ್ಳಿ, ಅದು ಬ್ಯಾಟರಿ ಇಲ್ಲದೆಯೂ ಚೆನ್ನಾಗಿ ನಡೆಯುತ್ತದೆ. ಕಂಟ್ರೋಲರ್ ಇರುವ ಮೋಟಾರ್‌ಸೈಕಲ್ ಸೆಟ್ ನಿಮ್ಮ ಯಂತ್ರಕ್ಕೆ ಹೊಂದುವುದಿಲ್ಲ. ಹೀಗೇಕೆ ಎಂಬುದು ನಿಮ್ಮ ಯಂತ್ರದಲ್ಲಿ ವಿದ್ಯುತ್ ಎಲ್ಲಿಂದ, ಯಾವ ರೂಪದಲ್ಲಿ, ಎಷ್ಟು ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಅದೊಂದು ಸ್ಪಷ್ಟವಾದರೆ ಯಾವ ವೈರನ್ನು ಎಲ್ಲಿಗೆ ಸೇರಿಸಬೇಕೆಂಬ ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ಬಗೆಹರಿಯುವುದರಿಂದ, ಮೊದಲು ಅದನ್ನೇ ಹೇಳುತ್ತೇನೆ.

ನಿಮ್ಮ ಇಂಜಿನ್ನಿನ ಫ್ಲೈವೀಲ್ ಒಳಗೆ ಆಯಸ್ಕಾಂತಗಳಿವೆ. ಅವು ಸ್ಥಿರವಾಗಿ ಕೂತ ಕಾಯಿಲುಗಳ ಸುತ್ತ ತಿರುಗಿದಾಗ ಹುಟ್ಟುವ ವಿದ್ಯುತ್ತು ಎಸಿ, ಅಂದರೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತು. ಈ ಕಾಯಿಲುಗಳಲ್ಲಿ ಒಂದು ಭಾಗ ಇಗ್ನಿಷನ್ನಿಗೆ, ಇನ್ನೊಂದು ಭಾಗ ದೀಪ ಮತ್ತು ಗ್ರಿಪ್‌ಗಳಿಗೆ. ದೀಪದ ಕಾಯಿಲಿನಿಂದ ಬರುವ ವೋಲ್ಟೇಜ್ ಇಂಜಿನ್ನಿನ ವೇಗದೊಡನೆ ಏರುತ್ತ ಹೋಗುವುದನ್ನು ತಡೆಯಲು ಒಂದು ರೆಗ್ಯುಲೇಟರ್ ಇರುತ್ತದೆ. ಅದು ಹೆಚ್ಚಾದ ವಿದ್ಯುತ್ತನ್ನು ತನ್ನೊಳಗೇ ಹಾಯಿಸಿಕೊಂಡು ವೋಲ್ಟೇಜನ್ನು ಸುಮಾರು 13ರಿಂದ 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಡುತ್ತದೆ, ಆದರೆ ಎಸಿಯನ್ನು ಡಿಸಿಯಾಗಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಾಗಿ, ಮಾರ್ಪಡಿಸುವುದಿಲ್ಲ. ಬಲ್ಬಿನ ತಂತುವಿಗೂ ಗ್ರಿಪ್ಪಿನ ಹೀಟರ್ ಎಲಿಮೆಂಟಿಗೂ ವಿದ್ಯುತ್ತು ಯಾವ ದಿಕ್ಕಿನಲ್ಲಿ ಹರಿದರೂ ಒಂದೇ, ಏಕೆಂದರೆ ಅವು ಬರಿಯ ರೋಧಗಳು. ಆದುದರಿಂದ ಆ ಕಾಲದ ತಯಾರಕರಿಗೆ ಬ್ಯಾಟರಿಯ ಅಗತ್ಯವೇ ಬೀಳಲಿಲ್ಲ.

ಕಂಟ್ರೋಲರ್ ಇರುವ ಸೆಟ್ಟಿನ ಸ್ಥಿತಿ ಬೇರೆ. ಅದರ ಒಳಗಿನ ಟ್ರಾನ್ಸಿಸ್ಟರ್ ಸೆಕೆಂಡಿಗೆ ಅನೇಕ ಬಾರಿ ವಿದ್ಯುತ್ತನ್ನು ಹಾಯಿಸಿ ತಡೆದು ಶಾಖವನ್ನು ಹೆಚ್ಚು ಕಡಿಮೆ ಮಾಡುತ್ತದೆ, ಮತ್ತು ಅದಕ್ಕೆ ಡಿಸಿಯೇ ಬೇಕು. ಎಸಿಗೆ ಸೇರಿಸಿದರೆ ಅದು ಕೆಲಸ ಮಾಡದೆ ಇರಬಹುದು, ಇಲ್ಲವೇ ಸುಟ್ಟೇ ಹೋಗಬಹುದು. ಬ್ಯಾಟರಿಯ ವೋಲ್ಟೇಜ್ ಕುಸಿದರೆ ತಾನಾಗಿ ಬಂದಾಗುವ ಸೌಲಭ್ಯವಿದ್ದ ಪಕ್ಷದಲ್ಲಂತೂ ಅದು ಪದೇಪದೇ ಆರಿಹೋಗುವ ಸಾಧ್ಯತೆ ಹೆಚ್ಚು. ಇದರ ಜೊತೆಗೆ ಅಳತೆಯ ತೊಡಕೂ ಇದೆ. ಮೋಟಾರ್‌ಸೈಕಲಿನ ಬಲಗೈ ಗ್ರಿಪ್ ತಿರುಗುವ ಥ್ರಾಟಲ್ ಕೊಳವೆಯ ಮೇಲೆ ಕೂರುವುದರಿಂದ ಅದರ ಒಳವ್ಯಾಸ ಎಡದ್ದಕ್ಕಿಂತ ದೊಡ್ಡದು. ನಿಮ್ಮ ಯಂತ್ರದಲ್ಲಿ ವೇಗ ನಿಯಂತ್ರಿಸುವುದು ಹೆಬ್ಬೆರಳಿನ ಲಿವರ್. ಎರಡೂ ಗ್ರಿಪ್‌ಗಳು ತಿರುಗದೆ ಸುಮಾರು 22 ಮಿಲಿಮೀಟರ್ ವ್ಯಾಸದ ಹ್ಯಾಂಡಲ್‌ಬಾರಿನ ಮೇಲೆ ನೇರವಾಗಿ ಕೂರಬೇಕು. ಬಲದ ಗ್ರಿಪ್ ಸಡಿಲವಾಗಿ ಕೈಗೆ ಕಿತ್ತುಬಂದರೆ ಆಗುವ ಅಪಾಯವನ್ನು ನಾನು ವಿವರಿಸಬೇಕಾಗಿಲ್ಲ.

ರೆಕ್ಟಿಫೈಯರ್ ಹಾಕಿ ಡಿಸಿ ಮಾಡಿಕೊಂಡರಾಯಿತಲ್ಲ ಎಂದು ಹಲವರು ಕೇಳುತ್ತಾರೆ. ತಾತ್ವಿಕವಾಗಿ ಸಾಧ್ಯ, ಆದರೆ ಎರಡು ಕಾರಣಗಳಿಂದ ನಾನು ಅದನ್ನು ಸೂಚಿಸುವುದಿಲ್ಲ. ಮೊದಲನೆಯದಾಗಿ, ದೀಪದ ಕಾಯಿಲಿನ ಒಂದು ತುದಿ ಯಂತ್ರದ ಬಾಡಿಗೆ ಸೇರಿಕೊಂಡಿದ್ದರೆ, ನಾಲ್ಕು ಡಯೋಡಿನ ಬ್ರಿಡ್ಜ್ ರೆಕ್ಟಿಫೈಯರಿನ ಮೈನಸ್ ತುದಿಯನ್ನೂ ಬಾಡಿಗೆ ಸೇರಿಸಿದ ಕೂಡಲೇ ಅರ್ಧ ಆವರ್ತದಲ್ಲಿ ಕಾಯಿಲು ಒಂದು ಡಯೋಡಿನ ಮೂಲಕ ನೇರವಾಗಿ ಶಾರ್ಟ್ ಆಗುತ್ತದೆ. ದೀಪ ಮಂಕಾಗುತ್ತದೆ, ಡಯೋಡ್ ಸುಡುತ್ತದೆ. ಮೈನಸ್ ತುದಿಯನ್ನು ಬಾಡಿಯಿಂದ ಪೂರ್ತಿ ಬೇರೆಯಾಗಿಟ್ಟರೆ ಇದನ್ನು ತಪ್ಪಿಸಬಹುದು, ಆದರೆ ಹಿಮ, ನೀರು, ಕಂಪನಗಳ ನಡುವೆ ಆ ಪ್ರತ್ಯೇಕತೆಯನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಸುಲಭವಲ್ಲ. ಎರಡನೆಯದಾಗಿ, ರೆಕ್ಟಿಫೈಯರಿನ ನಂತರ ಕೆಪ್ಯಾಸಿಟರ್ ಇಟ್ಟರೆ ಅದು ಎಸಿಯ ಶಿಖರ ವೋಲ್ಟೇಜಿನವರೆಗೂ ತುಂಬಿಕೊಳ್ಳುತ್ತದೆ. ಶುದ್ಧ ಸೈನ್ ತರಂಗವಾದರೆ 13 ವೋಲ್ಟಿನ ಎಸಿಯ ಶಿಖರ ಸುಮಾರು 18 ವೋಲ್ಟ್. ಹೊರೆ ಕಡಿಮೆ ಇರುವಾಗ ಇದು ಕಂಟ್ರೋಲರಿಗೆ ಅತಿಯಾಗಬಹುದು. ಇಷ್ಟೆಲ್ಲ ಮಾಡಿದರೂ ಕೊನೆಗೆ ಸಿಗುವ ಶಾಖ ಸಾದಾ ಗ್ರಿಪ್ಪಿನದಕ್ಕಿಂತ ಒಂದಿಷ್ಟೂ ಹೆಚ್ಚಲ್ಲ.

ಇನ್ನು ಲೆಕ್ಕಕ್ಕೆ ಬರೋಣ. 200 ವ್ಯಾಟ್ ಎಂಬುದು ಇಂಜಿನ್ ನಿಮಿಷಕ್ಕೆ ಕೆಲವು ಸಾವಿರ ಸುತ್ತು ತಿರುಗುವಾಗ ಸಿಗುವ ಪ್ರಮಾಣ. ಐಡಲಿಂಗ್‌ನಲ್ಲಿ ಅದು ಬಹಳವೇ ಇಳಿಯುತ್ತದೆ. ಹೆಡ್‌ಲೈಟಿಗೆ 60 ವ್ಯಾಟ್, ಹಿಂದಿನ ದೀಪಕ್ಕೆ 8, ಬ್ರೇಕ್ ದೀಪಕ್ಕೆ 27, ಮೀಟರಿನ ಪುಟ್ಟ ಬಲ್ಬುಗಳಿಗೆ ಒಟ್ಟು 10 ಎಂದಿಟ್ಟುಕೊಂಡರೆ 105 ವ್ಯಾಟ್ ಆಯಿತು. ಉಳಿದ 95 ವ್ಯಾಟಿನಲ್ಲಿ ಗ್ರಿಪ್ ಒಂದಕ್ಕೆ 30ರಂತೆ ಎರಡಕ್ಕೆ 60 ವ್ಯಾಟ್ ಕೊಟ್ಟರೂ ಹೆಬ್ಬೆರಳಿನ ಹೀಟರಿಗೆ ಬೇಕಾದ ಕೆಲವು ವ್ಯಾಟುಗಳಿಗೆ ಧಾರಾಳವಾಗಿ ಜಾಗವಿದೆ. ನಿಮ್ಮ ಯಂತ್ರ ಈ ಹೊರೆಯನ್ನು ಹೊರಬಲ್ಲದು. ಇದನ್ನು ಓದುವ ಇನ್ನೊಬ್ಬರ ಬಳಿ 120 ವ್ಯಾಟಿನ ಯಂತ್ರವಿದ್ದರೆ ಲೆಕ್ಕ ಬೇರೆಯಾಗುತ್ತದೆ: ಅವರಿಗೆ ಉಳಿಯುವುದು 15 ವ್ಯಾಟ್ ಮಾತ್ರ, ಆದುದರಿಂದ ಕಡಿಮೆ ವ್ಯಾಟಿನ ಎಲಿಮೆಂಟುಗಳನ್ನು ಆರಿಸಿ, ಹ್ಯಾಂಡಲ್‌ಬಾರಿಗೆ ಗಾಳಿ ತಡೆಯುವ ಕೈಚೀಲದಂಥ ಹೊದಿಕೆ ಹಾಕಿಕೊಳ್ಳುವುದೇ ಅವರಿಗೆ ಸರಿಯಾದ ದಾರಿ. ಗಾಳಿ ನೇರವಾಗಿ ಬಡಿಯದಿದ್ದರೆ ಅರ್ಧದಷ್ಟು ಶಾಖವೂ ಬೆರಳುಗಳಿಗೆ ಸಾಕೆನಿಸುತ್ತದೆ.

ರೆಗ್ಯುಲೇಟರೇ ಇಲ್ಲದ ಇನ್ನೂ ಹಳೆಯ ಯಂತ್ರಗಳಿವೆ. ಅವುಗಳಲ್ಲಿ ವೋಲ್ಟೇಜನ್ನು ಹದದಲ್ಲಿಡುವುದು ಬಲ್ಬುಗಳ ಹೊರೆಯೇ. ಒಂದು ಬಲ್ಬು ಹೋದರೆ ಮಿಕ್ಕವೂ ಬೆನ್ನಿಗೇ ಸುಡುವುದು ಇದೇ ಕಾರಣಕ್ಕೆ. ಅಂಥ ಯಂತ್ರಕ್ಕೆ ಗ್ರಿಪ್ ಹಾಕುವ ಮುನ್ನ ಆ ಕಾಯಿಲಿಗೆ ಹೊಂದುವ ಎಸಿ ರೆಗ್ಯುಲೇಟರ್ ಹಾಕಲೇಬೇಕು.

ಹೊಸದನ್ನು ಕೊಳ್ಳುವ ಮುನ್ನ ಹಳೆಯದು ನಿಜಕ್ಕೂ ಸತ್ತಿದೆಯೇ ಎಂದು ನೋಡಿ. ಎಡದ್ದು ಪೂರ್ತಿ ತಣ್ಣಗಿದ್ದು ಬಲದ್ದು ಅಷ್ಟಿಷ್ಟು ಬಿಸಿಯಾಗುತ್ತಿದೆ ಎಂದರೆ ಎರಡೂ ಸಮಾಂತರವಾಗಿ ಜೋಡಣೆಯಾಗಿವೆ ಎಂದು ತಿಳಿಯಬಹುದು; ಸರಣಿಯಲ್ಲಿದ್ದರೆ ಒಂದು ಕಡಿದಾಗ ಎರಡೂ ತಣ್ಣಗಾಗುತ್ತಿದ್ದವು. ಇಂಜಿನ್ ಆರಿಸಿ, ಎಡ ಗ್ರಿಪ್ಪಿನ ಕನೆಕ್ಟರ್ ಬಿಡಿಸಿ, ಮಲ್ಟಿಮೀಟರಿನಲ್ಲಿ ಅದರ ವೈರುಗಳ ನಡುವಿನ ಓಮ್ ಅಳೆಯಿರಿ. ಅಳೆಯುವಾಗಲೇ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿರುಗಿಸಿ, ಗ್ರಿಪ್ಪಿನಿಂದ ವೈರ್ ಹೊರಬರುವ ಕುತ್ತಿಗೆಯ ಭಾಗವನ್ನು ಬೆರಳಿನಿಂದ ಅಲುಗಾಡಿಸಿ. ಮೀಟರಿನ ಓದು ಬಂದು ಹೋಗುತ್ತಿದ್ದರೆ ದೋಷ ಎಲಿಮೆಂಟಿನಲ್ಲಲ್ಲ, ವೈರಿನಲ್ಲಿ. ಇಂಥ ದೋಷಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಆ ಕುತ್ತಿಗೆಯಲ್ಲೇ, ಇಲ್ಲವೇ ಸ್ಟೀರಿಂಗ್ ಕಂಬದ ಬಳಿ ವೈರ್ ಮಡಿಯುವ ಜಾಗದಲ್ಲಿ. ಬಲದ ಗ್ರಿಪ್ ಉಗುರುಬೆಚ್ಚಗೆ ನಿಲ್ಲುವುದಕ್ಕೆ ಕಿಲುಬು ಹಿಡಿದ ಸ್ವಿಚ್ಚಿನ ಸಂಪರ್ಕ ಕಾರಣವಾಗಿರಬಹುದು, ಅಥವಾ ಹೆಚ್ಚು ಬಿಸಿಯ ಹೈ ಎಲಿಮೆಂಟ್ ಮಾತ್ರ ಕಡಿದು ಕಡಿಮೆ ಬಿಸಿಯ ಲೋ ಉಳಿದಿರಬಹುದು. ಸ್ವಿಚ್ಚಿನ ಎರಡು ತುದಿಗಳ ನಡುವೆ, ಅದು ಆನ್ ಇದ್ದು ಗ್ರಿಪ್ ಬಿಸಿಯಾಗುತ್ತಿರುವಾಗ, ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಗ್ರಿಪ್ ಜೊತೆಗೆ ಸ್ವಿಚ್ಚನ್ನೂ ಬದಲಿಸಿ.

ರೆಗ್ಯುಲೇಟರನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಿ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಹೆಡ್‌ಲೈಟ್ ಕನೆಕ್ಟರಿನ ಎರಡು ವೈರುಗಳ ನಡುವೆ ಅಳೆಯಿರಿ. ರೆಗ್ಯುಲೇಟರ್ ತರಂಗದ ಆಕಾರವನ್ನು ಕತ್ತರಿಸುವುದರಿಂದ ಅಗ್ಗದ ಮೀಟರುಗಳು ಒಂದು ವೋಲ್ಟಿನಷ್ಟೋ ಹೆಚ್ಚೋ ತಪ್ಪು ತೋರಿಸಬಹುದು. ತರಂಗದ ಆಕಾರ ಏನೇ ಇದ್ದರೂ ಸರಿಯಾದ ವೋಲ್ಟೇಜ್ ತೋರಿಸುವ, ನಿಜವಾದ ಆರ್‌ಎಂಎಸ್ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಇಂಜಿನ್ ಚಾಲೂ ಇಡುವಾಗ ಬಾಗಿಲು ತೆರೆದ ಜಾಗದಲ್ಲಿ ಇಡಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಪ್ರಾಣಾಂತಿಕ. ಕ್ಲಚ್ ಹಿಡಿದು ಟ್ರ್ಯಾಕ್ ತಿರುಗತೊಡಗುವ ವೇಗದ ಕೆಳಗೇ ಅಳತೆ ಮುಗಿಸಿ. ಅದಕ್ಕಿಂತ ಮೇಲಿನ ವೇಗ ಬೇಕೇ ಬೇಕೆಂದಿದ್ದರೆ ಹಿಂಭಾಗವನ್ನು ಗಟ್ಟಿ ಸ್ಟ್ಯಾಂಡಿನ ಮೇಲೆತ್ತಿ, ಟ್ರ್ಯಾಕಿನ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಕೆಲವೇ ಕ್ಷಣ ಓಡಿಸಿ. ಟ್ರ್ಯಾಕಿನ ಜಾರುಪಟ್ಟಿಗಳಿಗೆ ಹಿಮವೇ ತಂಪು ಮತ್ತು ಜಾರುವಿಕೆ ಕೊಡುವುದರಿಂದ ಒಣಗಿದ ಸ್ಥಿತಿಯಲ್ಲಿ ಬಹಳ ಹೊತ್ತು ತಿರುಗಿಸಬಾರದು.

ಈಗ ಮೂರು ವೈರಿನ ಪ್ರಶ್ನೆ. ಗ್ರಿಪ್ಪಿನ ಒಳಗೆ ಇರುವುದು ಎರಡು ರೋಧಗಳು, ಅವು ಒಂದು ಬಿಂದುವಿನಲ್ಲಿ ಕೂಡುತ್ತವೆ, ಅಷ್ಟೇ. ವೈರಿನ ಬಣ್ಣ ಒಂದು ತಯಾರಕರಿಂದ ಇನ್ನೊಬ್ಬರಿಗೆ ಬದಲಾಗುವುದರಿಂದ ಬಣ್ಣವನ್ನು ನಂಬದೆ ಮೂರು ಜೋಡಿಗಳನ್ನೂ ಅಳೆದು ಬರೆದಿಟ್ಟುಕೊಳ್ಳಿ. ನಿಮಗೆ 6, 12, 18 ಓಮ್ ಬಂತೆಂದುಕೊಳ್ಳೋಣ. ಅತಿ ಹೆಚ್ಚು ಓದು ಕೊಟ್ಟ ಜೋಡಿಯನ್ನು ಬಿಟ್ಟು ಉಳಿದ ಮೂರನೆಯ ವೈರೇ ಕಾಮನ್, ಅಂದರೆ ಎರಡೂ ರೋಧಗಳು ಕೂಡುವ ಬಿಂದುವಿನದು. ಅದರಿಂದ 6 ಓಮ್ ತೋರಿಸುವುದು ಹೈ, 12 ಓಮ್ ತೋರಿಸುವುದು ಲೋ. ವೋಲ್ಟೇಜಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ: 13.5 ವೋಲ್ಟಿನಲ್ಲಿ 6 ಓಮ್ ಎಂದರೆ ಸುಮಾರು 30 ವ್ಯಾಟ್, 12 ಓಮ್ ಎಂದರೆ ಸುಮಾರು 15 ವ್ಯಾಟ್. ಇದಕ್ಕೆ ಬದಲು 6, 6, 12 ಎಂದು ಬಂದರೆ ಮಧ್ಯದ ವೈರನ್ನು ಕಾಮನ್ ಮಾಡುವುದರಲ್ಲಿ ಅರ್ಥವಿಲ್ಲ, ಹೈ ಮತ್ತು ಲೋ ಎರಡೂ ಒಂದೇ ಶಾಖ ಕೊಡುತ್ತವೆ. ಆಗ ಒಂದು ತುದಿಯ ವೈರನ್ನು ಕಾಮನ್ ಎಂದಿಟ್ಟುಕೊಂಡು ಮಧ್ಯದ್ದನ್ನು ಹೈ, ಇನ್ನೊಂದು ತುದಿಯದನ್ನು ಲೋ ಮಾಡಬೇಕು. ಎಡ ಬಲ ಎರಡರಲ್ಲೂ ಒಂದೇ ತುದಿಯನ್ನು ಆರಿಸಿಕೊಳ್ಳಿ, ಇಲ್ಲವಾದರೆ ಎರಡು ಅಂಗೈಗಳಲ್ಲಿ ಬಿಸಿಯಾಗುವ ಜಾಗ ಬೇರೆಬೇರೆಯಾಗಬಹುದು. ನಿಮ್ಮ ಲೆಕ್ಕದ ವ್ಯಾಟಿಗೂ ಸೆಟ್ಟಿನೊಡನೆ ಬಂದ ಸೂಚನಾಪತ್ರದಲ್ಲಿರುವ ವ್ಯಾಟಿಗೂ ತಾಳೆಯಾಗಬೇಕು, ಆಗದಿದ್ದರೆ ಮುಂದುವರಿಯಬೇಡಿ.

ಜೋಡಣೆ ಹೀಗೆ. ಸ್ವಿಚ್ ಮೂರು ಸ್ಥಾನದ್ದಿರಲಿ, ಮಧ್ಯದಲ್ಲಿ ಆಫ್, ಎರಡು ಬದಿಗೆ ಹೈ ಮತ್ತು ಲೋ. ರೆಗ್ಯುಲೇಟ್ ಆದ ಎಸಿಯನ್ನು ತರುವ ಫೀಡ್ ವೈರ್ ಒಂದು ಫ್ಯೂಸಿನ ಮೂಲಕ ಸ್ವಿಚ್ಚಿನ ಮಧ್ಯದ ತುದಿಗೆ ಬರುತ್ತದೆ. ಒಂದು ಬದಿಯ ತುದಿಯಿಂದ ಎರಡೂ ಗ್ರಿಪ್‌ಗಳ ಹೈ ವೈರುಗಳು, ಇನ್ನೊಂದು ಬದಿಯಿಂದ ಎರಡೂ ಗ್ರಿಪ್‌ಗಳ ಲೋ ವೈರುಗಳು ಹೊರಡುತ್ತವೆ. ಎರಡು ಕಾಮನ್‌ಗಳು ಒಂದುಗೂಡಿ ಹಾರ್ನೆಸ್ಸಿನ (ಯಂತ್ರದ ವೈರುಗಳ ಕಟ್ಟಿನ) ಎಸಿ ರಿಟರ್ನ್ ವೈರಿಗೆ, ಅಂದರೆ ವಿದ್ಯುತ್ತು ಕಾಯಿಲಿಗೆ ಮರಳುವ ವೈರಿಗೆ, ಹೋಗುತ್ತವೆ. ನಿಮ್ಮ ಹಳೆಯ ಗ್ರಿಪ್‌ಗಳಿಗೆ ಬಂದಿದ್ದ ಫೀಡ್ ಮತ್ತು ರಿಟರ್ನ್ ವೈರುಗಳೇ ಇದಕ್ಕೆ ಸಾಕು, ಹೊಸದಾಗಿ ಎಲ್ಲಿಂದಲೂ ಎಳೆಯಬೇಕಾಗಿಲ್ಲ. ಇಂಜಿನ್ ನಿಂತರೆ ಈ ಸಾಲಿನಲ್ಲಿ ವಿದ್ಯುತ್ತೇ ಇರುವುದಿಲ್ಲವಾದ್ದರಿಂದ ರಿಲೇ ಹಾಕುವ ಗೊಡವೆಯೂ ಬೇಡ. ಹಾಕಿದರೂ 12 ವೋಲ್ಟ್ ಡಿಸಿಯ ಸಾಮಾನ್ಯ ರಿಲೇ ಎಸಿಯಲ್ಲಿ ಕಟಕಟ ನಡುಗುತ್ತ ಬೇಗನೆ ಹಾಳಾಗುತ್ತದೆ.

ರಿಟರ್ನ್ ವೈರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಕಾರು ಮೋಟಾರ್‌ಸೈಕಲುಗಳ ಅಭ್ಯಾಸದಿಂದ, ಕಾಮನ್ ವೈರನ್ನು ಹ್ಯಾಂಡಲ್‌ಬಾರಿನ ಬೋಲ್ಟಿಗೋ ಹತ್ತಿರದ ಲೋಹಕ್ಕೋ ಕಟ್ಟಿ ಅರ್ಥ್ ಆಯಿತೆಂದು ಬಿಡುತ್ತಾರೆ. ಸ್ನೋಮೊಬೈಲಿನ ಸ್ಟೀರಿಂಗ್ ಕಂಬ ಗ್ರೀಸ್ ತುಂಬಿದ ಅಥವಾ ಪ್ಲಾಸ್ಟಿಕ್ಕಿನ ಬುಷ್‌ಗಳಲ್ಲಿ ತಿರುಗುತ್ತದೆ. ಅದರ ಮೂಲಕ ನಾಲ್ಕೈದು ಆಂಪಿಯರ್ ನೆಚ್ಚಿಕೆಯಿಂದ ಹರಿಯುತ್ತದೆಂದು ಎಣಿಸಲಾಗದು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕೆಲವು ಯಂತ್ರಗಳಲ್ಲಿ ದೀಪದ ಕಾಯಿಲಿನ ಎರಡೂ ತುದಿಗಳು ಬಾಡಿಗೆ ತಾಗದೆ ಪೂರ್ತಿ ಪ್ರತ್ಯೇಕವಾಗಿರುತ್ತವೆ. ಅಂಥಲ್ಲಿ ಕಾಮನ್ ಅನ್ನು ಬಾಡಿಗೆ ಕಟ್ಟಿದರೆ ವಿದ್ಯುತ್ತಿಗೆ ಮರಳುವ ದಾರಿಯೇ ಇಲ್ಲದೆ ಗ್ರಿಪ್ ತಣ್ಣಗೇ ಉಳಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಮುಂದೊಂದು ದಿನ ಫೀಡ್ ವೈರಿನ ಸಿಪ್ಪೆ ಸವೆದು ಎಲ್ಲೋ ಬಾಡಿಗೆ ತಾಗಿದಾಗ, ಯಾವುದೋ ದೀಪದ ರಿಟರ್ನ್ ಕೂಡ ಬಾಡಿಗೆ ತಗಲಿದ್ದರೆ ಇಡೀ ಸಾಲು ಶಾರ್ಟ್ ಆಗಿ ಎಲ್ಲ ದೀಪಗಳೂ ಒಮ್ಮೆಲೇ ಆರುತ್ತವೆ. ಕತ್ತಲಲ್ಲಿ, ವೇಗದಲ್ಲಿ ಸಾಗುವಾಗ ಇದು ಸಣ್ಣ ವಿಷಯವಲ್ಲ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಇಂಜಿನ್ ಆರಿಸಿ, ರೆಗ್ಯುಲೇಟರಿನ ಕನೆಕ್ಟರ್ ಮತ್ತು ಬಲ್ಬುಗಳನ್ನು ಬಿಡಿಸಿ, ಸ್ಟೇಟರಿನಿಂದ (ಫ್ಲೈವೀಲ್ ಒಳಗಿನ ಸ್ಥಿರ ಕಾಯಿಲುಗಳಿಂದ) ಬರುವ ದೀಪದ ವೈರುಗಳಿಗೂ ಬಾಡಿಯ ಬರಿಯ ಲೋಹಕ್ಕೂ ನಡುವೆ ಓಮ್ ಅಳೆಯಿರಿ. ದೀಪದ ಕಾಯಿಲಿನ ರೋಧ ಒಂದು ಓಮಿಗಿಂತಲೂ ಕಡಿಮೆ ಇರುವುದರಿಂದ, ಅದರ ಯಾವುದೇ ಒಂದು ತುದಿ ಬಾಡಿಗೆ ಸೇರಿದ್ದರೂ ಎರಡೂ ವೈರುಗಳು ಬಹುತೇಕ ಸೊನ್ನೆ ತೋರಿಸುತ್ತವೆ. ಪ್ರತ್ಯೇಕವಾಗಿದ್ದರೆ ಮೀಟರ್ ಅನಂತ ತೋರಿಸುತ್ತದೆ. ಉತ್ತರ ಯಾವುದೇ ಆಗಿರಲಿ, ಗ್ರಿಪ್ಪಿನ ಕಾಮನ್ ಅನ್ನು ಹಾರ್ನೆಸ್ಸಿನ ರಿಟರ್ನ್ ವೈರಿಗೇ ಸೇರಿಸಿದರೆ ಎರಡೂ ಬಗೆಯ ಯಂತ್ರಗಳಲ್ಲಿ ಸರಿಯಾಗಿ ನಡೆಯುತ್ತದೆ.

ಅಷ್ಟೇ ಎಚ್ಚರ ಬೇಕಾದ ಇನ್ನೊಂದು ಜಾಗ ಬಲಗೈಯ ಥ್ರಾಟಲ್ ಬ್ಲಾಕ್. ಅಲ್ಲಿಗೆ ಇಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ವೈರುಗಳು ಬರುತ್ತವೆ. ಅನೇಕ ಯಂತ್ರಗಳಲ್ಲಿ ಥ್ರಾಟಲ್ ಸಿಕ್ಕಿಹಾಕಿಕೊಂಡರೆ ಇಂಜಿನ್ ನಿಲ್ಲಿಸುವ ಸುರಕ್ಷತಾ ಸ್ವಿಚ್ಚಿನ ವೈರುಗಳೂ ಅಲ್ಲೇ ಇರುತ್ತವೆ. ಇವು ಇಗ್ನಿಷನ್ ಭಾಗಕ್ಕೆ ಸೇರಿದವು, ಗ್ರಿಪ್ಪಿನ ಸಾಲಿಗೆ ಸಂಬಂಧವೇ ಇಲ್ಲ. ಗ್ರಿಪ್ಪಿನ ಎಸಿ ತಪ್ಪಿ ಕಿಲ್ ವೈರಿಗೆ ಹೋದರೆ ಇಗ್ನಿಷನ್ನಿನ ಸಿಡಿಐ ಪೆಟ್ಟಿಗೆ (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಭಾಗ) ಸುಡುವ ಅಪಾಯವಿದೆ, ಮತ್ತು ಹಳೆಯ ಯಂತ್ರಕ್ಕೆ ಅದು ಸುಲಭವಾಗಿ ಸಿಗುವ ವಸ್ತುವಲ್ಲ. ನಿಮ್ಮ ಯಂತ್ರದ ವರ್ಷ ಮತ್ತು ಮಾದರಿಯ ವೈರಿಂಗ್ ನಕ್ಷೆಯನ್ನು ಎದುರಿಗಿಟ್ಟುಕೊಂಡೇ ಈ ಬ್ಲಾಕಿಗೆ ಕೈ ಹಾಕಿ; ಬಿಚ್ಚುವ ಮೊದಲು ಪ್ರತಿ ವೈರಿಗೂ ಚೀಟಿ ಅಂಟಿಸಿ.

ವೈರ್ ಎಷ್ಟು ದಪ್ಪವಿರಬೇಕು? 60 ವ್ಯಾಟ್ ಎಂದರೆ 13 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್. ಹೋಗಿ ಬರುವ ದೂರ ಒಟ್ಟು 3 ಮೀಟರ್ ಎಂದಿಟ್ಟುಕೊಂಡರೆ 18 ಗೇಜ್ ವೈರಿನಲ್ಲಿ 0.3 ವೋಲ್ಟ್ ಕಳೆಯುತ್ತದೆ, ತೆಳುವಾದ 22 ಗೇಜಿನಲ್ಲಿ 0.7 ವೋಲ್ಟಿಗೂ ಮಿಕ್ಕಿ ಕಳೆಯುತ್ತದೆ. ಶಾಖ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಈ ಎರಡನೆಯದರಲ್ಲಿ ಗ್ರಿಪ್ಪಿನ ಬಿಸಿ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಹೀಗಾಗಿ ಫೀಡ್ ಮತ್ತು ರಿಟರ್ನಿಗೆ 16 ಗೇಜ್, ಗ್ರಿಪ್ ಒಂದೊಂದಕ್ಕೆ ಹೋಗುವ ಕವಲುಗಳಿಗೆ 18 ಗೇಜ್ ಇರಲಿ. ದಪ್ಪಕ್ಕಿಂತಲೂ ಸಿಪ್ಪೆ ಮುಖ್ಯ. ಸಾಧಾರಣ ಪಿವಿಸಿ ಸಿಪ್ಪೆಯ ವೈರ್ ಕಡುಚಳಿಯಲ್ಲಿ ಗಡುಸಾಗಿ, ಹ್ಯಾಂಡಲ್ ತಿರುಗಿದಂತೆಲ್ಲ ಬಿರುಕು ಬಿಡುತ್ತದೆ. ಮೈನಸ್ 40 ಡಿಗ್ರಿಯವರೆಗೆ ತಾಳುವ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ಸಿಪ್ಪೆಯ ವಾಹನದ ವೈರ್, ಅಥವಾ ಸಿಲಿಕೋನ್ ಸಿಪ್ಪೆಯ ವೈರ್ ಬಳಸಿ; ಸಿಲಿಕೋನ್ ಚಳಿಯಲ್ಲೂ ಮೆತ್ತಗಿರುತ್ತದೆ, ಆದರೆ ಚೂಪಾದ ಅಂಚಿಗೆ ಬೇಗ ಕೊಯ್ದುಹೋಗುವುದರಿಂದ ಅದರ ಮೇಲೆ ಹೆಣೆದ ತೋಳು ಹಾಕಬೇಕು.

ಫ್ಯೂಸ್ 7.5 ಆಂಪಿಯರಿನದು ಸಾಕು, ಫೀಡ್ ವೈರಿನ ಆರಂಭದಲ್ಲೇ ಇರಲಿ. ಹಳೆಯ ಯಂತ್ರದಲ್ಲಿ ಫ್ಯೂಸೇ ಇಲ್ಲದಿರಬಹುದು, ಆದರೂ ಹಾಕಿ. ದೀಪದ ಕಾಯಿಲಿನಿಂದ ಬರುವ ವಿದ್ಯುತ್ತಿಗೆ ಮಿತಿಯಿರುವುದರಿಂದ ಫ್ಯೂಸ್ ತಡವಾಗಿ ಸುಡಬಹುದು ಅಥವಾ ಸುಡದೆಯೂ ಇರಬಹುದು. ಸುಟ್ಟರೆ ಗ್ರಿಪ್ಪಿನ ಶಾರ್ಟ್ ನಿಮ್ಮ ಹೆಡ್‌ಲೈಟನ್ನು ಕಸಿಯುವುದು ತಪ್ಪುತ್ತದೆ. ವೈರುಗಳ ಕೂಡುಗಳನ್ನು ಒಳ್ಳೆಯ ಕ್ರಿಂಪ್ ಕನೆಕ್ಟರಿನಿಂದ ಮಾಡಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ತೊಡಿಸಿ. ಬೆಸುಗೆ ಕೆಟ್ಟದ್ದಲ್ಲ, ಆದರೆ ಬೆಸುಗೆ ಮುಗಿಯುವ ಅಂಚಿನಲ್ಲಿ ವೈರ್ ಗಡುಸಾಗಿ, ಅಲುಗಾಡುವ ಜಾಗದಲ್ಲಿ ಅಲ್ಲಿಯೇ ಮುರಿಯುತ್ತದೆ. ವೈರಿನ ಸಿಪ್ಪೆಯನ್ನು ಕಚ್ಚಿ ಹಿಡಿಯುವ ಟ್ಯಾಪ್ ಕ್ಲಿಪ್ಪುಗಳನ್ನು ಮಾತ್ರ ಇಲ್ಲಿ ಬಳಸಲೇಬೇಡಿ, ಅವುಗಳೊಳಗೆ ನೀರು ಸೇರಿ ಒಂದೆರಡು ಚಳಿಗಾಲದಲ್ಲಿ ತಾಮ್ರ ಹಸಿರಾಗುತ್ತದೆ. ಪ್ರತಿ ಗ್ರಿಪ್ಪಿಗೂ ಬಿಡಿಸಬಹುದಾದ ಕನೆಕ್ಟರ್ ಇಟ್ಟರೆ ಮುಂದಿನ ಬಾರಿ ಹಾರ್ನೆಸ್ ಕತ್ತರಿಸಬೇಕಾಗುವುದಿಲ್ಲ.

ಹಳೆಯ ಗ್ರಿಪ್ಪನ್ನು ಉದ್ದಕ್ಕೂ ಸೀಳಿ ತೆಗೆಯುವುದೇ ಸುಲಭ. ಬ್ರೇಕ್ ಮತ್ತು ಥ್ರಾಟಲ್ ಬ್ಲಾಕಿನ ವೈರುಗಳಿಗೆ ಅಲಗು ತಾಗದಿರಲಿ. ಹ್ಯಾಂಡಲ್‌ಬಾರನ್ನು ಹಳೆಯ ಅಂಟು ಉಳಿಯದಂತೆ ಒರೆಸಿ. ಎಲಿಮೆಂಟ್ ರಬ್ಬರಿನೊಳಗೇ ಅಚ್ಚಾಗಿರುವ ಗ್ರಿಪ್ಪಾದರೆ ಶಾಖ ನಿರೋಧಕ ಗ್ರಿಪ್ ಅಂಟಿನಿಂದ ಕೂರಿಸಿ, ಅಂಟು ಪೂರ್ತಿ ಒಣಗುವವರೆಗೆ ಬಿಟ್ಟುಬಿಡಿ. ಸಾದಾ ಗ್ರಿಪ್ಪಿನ ಕೆಳಗೆ ಸುತ್ತುವ ತೆಳು ಹಾಳೆಯಂಥ ಎಲಿಮೆಂಟಾದರೆ ಮೊದಲು ಬಾರಿನ ಮೇಲೆ ಹೀಟ್‌ಶ್ರಿಂಕ್ ಕೊಳವೆಯ ಒಂದು ಪದರ ಹಾಕಬೇಕು. ಲೋಹದ ಬಾರು ಶಾಖವನ್ನು ಹೀರಿ ಚಳಿಗಾಳಿಗೆ ಕೊಟ್ಟುಬಿಡುತ್ತದೆ; ಈ ಒಂದು ಪದರ ಆ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸುತ್ತದೆ. ಹಾಳೆಯ ಅಂಚುಗಳು ಒಂದರ ಮೇಲೊಂದು ಬರಬಾರದು, ಬಂದರೆ ಆ ಜಾಗ ಅತಿಯಾಗಿ ಕಾದು ಎಲಿಮೆಂಟ್ ಸುಡುತ್ತದೆ. ವೈರಿನ ಬೆಸುಗೆ ಇರುವ ಉಬ್ಬು ಅಂಗೈಗೆ ಸಿಗದಂತೆ ಕೆಳಮುಂದಕ್ಕೆ ಬರಲಿ.

ಹೆಬ್ಬೆರಳಿನ ಹೀಟರನ್ನೂ ಬದಲಿಸುವುದಾದರೆ, ಅದರ ವೈರ್ ಲಿವರ್ ಒತ್ತಿದಾಗೆಲ್ಲ ಬಾಗುತ್ತದೆ ಎಂಬುದನ್ನು ನೆನಪಿಡಿ. ತುಸು ಸಡಿಲ ಬಿಟ್ಟು ಕಟ್ಟಿ. ಎಲ್ಲ ಮುಗಿದ ಮೇಲೆ, ಇಂಜಿನ್ ಚಾಲೂ ಮಾಡುವ ಮೊದಲೇ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ತುದಿಯಲ್ಲಿ ಥ್ರಾಟಲ್ ಲಿವರನ್ನು ಒತ್ತಿ ಬಿಡಿ. ಅದು ಟಪ್ಪೆಂದು ಮರಳಬೇಕು. ಮರಳುವುದು ಕೂದಲೆಳೆಯಷ್ಟು ನಿಧಾನವಾದರೂ ವೈರ್ ಅಥವಾ ಗ್ರಿಪ್ಪಿನ ಅಂಚು ಅಡ್ಡ ಬಂದಿದೆ ಎಂದೇ ಅರ್ಥ. ಅದನ್ನು ಸರಿಪಡಿಸದೆ ಯಂತ್ರವನ್ನು ಚಾಲೂ ಮಾಡಲೇಬಾರದು. ಹುಡ್ಡಿನ ಕೆಳಗೆ ವೈರುಗಳು ಎಕ್ಸಾಸ್ಟ್ ಪೈಪಿನಿಂದಲೂ ಡ್ರೈವ್ ಬೆಲ್ಟಿನಿಂದಲೂ ದೂರದಲ್ಲಿ ಸಾಗಲಿ.

ವಿದ್ಯುತ್ ಕೊಡುವ ಮುನ್ನ ಕೊನೆಯ ಅಳತೆಗಳು. ಸ್ವಿಚ್ಚಿನ ಕಡೆಯಿಂದ ನೋಡಿದಾಗ ನನ್ನ ಉದಾಹರಣೆಯ ಗ್ರಿಪ್‌ಗಳು ಹೈ ಸ್ಥಾನದಲ್ಲಿ ಸುಮಾರು 3 ಓಮ್, ಲೋ ಸ್ಥಾನದಲ್ಲಿ ಸುಮಾರು 6 ಓಮ್ ತೋರಿಸಬೇಕು, ಏಕೆಂದರೆ ಎರಡು ಸಮಾನ ರೋಧಗಳು ಸಮಾಂತರವಾಗಿ ಸೇರಿದಾಗ ಅರ್ಧವಾಗುತ್ತವೆ. ಇದರ ಎರಡರಷ್ಟು ಬಂದರೆ ಒಂದು ಗ್ರಿಪ್ ಸಂಪರ್ಕಕ್ಕೆ ಬಂದಿಲ್ಲ. ಗ್ರಿಪ್‌ಗಳ ಕನೆಕ್ಟರ್ ಬಿಡಿಸಿಟ್ಟುಕೊಂಡು ಅವುಗಳ ವೈರುಗಳಿಗೂ ಹ್ಯಾಂಡಲ್‌ಬಾರಿಗೂ ನಡುವೆ ಅಳೆದರೆ ಮೀಟರ್ ಅನಂತವನ್ನೇ ತೋರಿಸಬೇಕು. ಏನಾದರೂ ಓದು ಬಂದರೆ ಎಲಿಮೆಂಟಿನ ಸಿಪ್ಪೆ ಎಲ್ಲೋ ಹರಿದಿದೆ.

ಇಂಜಿನ್ ಚಾಲೂ ಮಾಡಿ ಹೈ ಹಾಕಿದಾಗ ಐಡಲಿಂಗ್‌ನಲ್ಲಿ ಹೆಡ್‌ಲೈಟ್ ಮಂಕಾಗುವುದು ಸಹಜ, ವೇಗ ಏರಿದೊಡನೆ ಅದು ಸರಿಹೋಗಬೇಕು. ಯಂತ್ರ ನಿಂತಿರುವಾಗ ಗಾಳಿ ಬಡಿಯದೆ ಗ್ರಿಪ್ ಬಹಳ ಬೇಗ ಕಾಯುತ್ತದೆ, ಹೀಗಾಗಿ ಬೆಚ್ಚಗಾದದ್ದು ಖಚಿತವಾದ ಮೇಲೆ ಹೈ ಸ್ಥಾನದಲ್ಲೇ ಬಿಟ್ಟು ಹೋಗಬೇಡಿ. ಇಂಜಿನ್ ಸ್ವಲ್ಪ ವೇಗದಲ್ಲಿರುವಾಗ ಗ್ರಿಪ್ಪಿನ ಕನೆಕ್ಟರಿನಲ್ಲೂ ರೆಗ್ಯುಲೇಟರಿನ ಬಳಿಯೂ ಎಸಿ ವೋಲ್ಟ್ ಅಳೆದು ಹೋಲಿಸಿ. ಎರಡರ ನಡುವಿನ ಅಂತರ ಒಂದು ವೋಲ್ಟನ್ನು ಮೀರಿದರೆ ಕೂಡುಗಳನ್ನೂ ಸ್ವಿಚ್ಚನ್ನೂ ಮತ್ತೊಮ್ಮೆ ನೋಡಿ. ಅಂತರವಿಲ್ಲದೆ ರೆಗ್ಯುಲೇಟರಿನ ಬಳಿಯೇ ವೋಲ್ಟೇಜ್ ಕಡಿಮೆಯಿದ್ದರೆ, ಗ್ರಿಪ್ ಸ್ವಿಚ್ ಆಫ್ ಮಾಡಿ, ರೆಗ್ಯುಲೇಟರಿನ ಕನೆಕ್ಟರ್ ಬಿಡಿಸಿ, ಹೆಡ್‌ಲೈಟ್ ಉರಿಯುತ್ತಿರುವಂತೆ ಐಡಲಿಂಗ್‌ನಲ್ಲಿ ಮಾತ್ರ ಕ್ಷಣಕಾಲ ಅಳೆಯಿರಿ. ವೇಗ ಏರಿಸಿದರೆ ಬಲ್ಬು ಸುಡುತ್ತದೆ. ಬಿಡಿಸಿದಾಗ ವೋಲ್ಟೇಜ್ ತಟ್ಟನೆ ಏರಿದರೆ ರೆಗ್ಯುಲೇಟರ್ ಒಳಗೊಳಗೇ ಸೋರುತ್ತಿದೆ, ಅದನ್ನು ಬದಲಿಸಬೇಕು. ಬಿಡಿಸಿದರೂ ಮೊದಲಿನಷ್ಟೇ ಇದ್ದರೆ ಫ್ಲೈವೀಲ್ ಬಿಚ್ಚಿ ದೀಪದ ಕಾಯಿಲನ್ನು ಪರೀಕ್ಷಿಸಬೇಕಾಗುತ್ತದೆ. ಫ್ಲೈವೀಲ್ ತೆಗೆಯಲು ಅದಕ್ಕೆ ಹೊಂದುವ ಪುಲ್ಲರನ್ನೇ ಬಳಸಿ, ಸುತ್ತಿಗೆಯಿಂದ ಹೊಡೆದರೆ ಆಯಸ್ಕಾಂತಗಳು ಕಿತ್ತುಬರುತ್ತವೆ.